ನಾಲ್ಕು ಸಾಕ್ಷಿಗಳ ಜಾಗ

"ಹಲೋ, ಕಾರ್ಡಿನ ಆಫೀಸೇನ್ರೀ? ನಮ್ಮ ಮನಿಯವರು ಇನ್ನೂ ಎದ್ದಿಲ್ರೀ."

"ಮಲಗ್ಯಾರೇನ್ರೀ?"

"ಎದ್ದು ಕುಂತಾರ್ರೀ. ಕಣ್ಣೂ ತೆರದಾರ. ಆದ್ರ ಅವರು ಎದ್ದಿಲ್ಲ."

ಹುಬ್ಬಳ್ಳಿಯ ಸೇವಾಕೇಂದ್ರಕ್ಕೆ ಬೆಳಗಿನ ಆರರಿಂದ ಒಂಬತ್ತರವರೆಗೆ ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು. ರೆಹಾನಾ ಮುಲ್ಲಾ ಕಿವಿಗೆ ಫೋನು ಸಿಕ್ಕಿಸಿಕೊಂಡೇ ಚಹಾ ಕುಡಿಯುವುದನ್ನು ರೂಢಿ ಮಾಡಿಕೊಂಡಿದ್ದಳು. "ಕಾರ್ಡು ಹೊರಗ ತಗೀರಿ, ಮೂವತ್ತು ಎಣಸ್ರಿ, ಮತ್ತ ಕೂಡಸ್ರಿ. ಅರವತ್ತು ದಾಟಬಾರದು ನೋಡ್ರಿ" ಎಂದರೆ ಸಾಕು, ನೂರರಲ್ಲಿ ತೊಂಬತ್ತು ಮಂದಿ ಅಲ್ಲೇ ಎದ್ದುಬಿಡುತ್ತಿದ್ದರು. ಆ ಕಡೆಯಿಂದ "ಏ, ಯಾರದದು ಫೋನು?" ಎಂದು ಗದರುವ ದನಿ ಕೇಳಿದರೆ ಕೆಲಸ ಮುಗಿದ ಹಾಗೆ.

ಆ ಕಾರ್ಡು ಉಗುರಿನಷ್ಟು ದೊಡ್ಡದು. ನೆನಪು ಸಾಯುವ ಬೇನೆ ಹತ್ತಿದವರಿಗೆ, ಇನ್ನೂ ಅಷ್ಟಿಷ್ಟು ಉಳಿದಿರುವಾಗಲೇ ಮಾತು, ಮುಖ, ಓದಿದ್ದು, ಬಾಳಿದ್ದು ಎಲ್ಲವನ್ನೂ ಅದರೊಳಗೆ ಇಳಿಸಿಕೊಂಡು, ಬಲಗಿವಿಯ ಹಿಂದಿನ ಎಲುಬಿನಲ್ಲಿ ಗೂಡು ಕೊರೆದು ಕೂಡಿಸುತ್ತಿದ್ದರು. ಮನುಷ್ಯ ಮಲಗಿದರೆ ಕಾರ್ಡೂ ಮಲಗಬೇಕು, ಇಲ್ಲದಿದ್ದರೆ ಅದರ ಕಾವಿಗೆ ಸುತ್ತಲಿನ ಮಾಂಸ ಬೇಯುತ್ತದೆ. ತೊಡಕು ಇದ್ದದ್ದು ಏಳುವಾಗ. ನಿದ್ದೆಯಲ್ಲಿ ಮಿದುಳು ತನ್ನನ್ನು ತಾನು ಅಲ್ಲಲ್ಲಿ ಬಿಚ್ಚಿ ಹೊಲಿದುಕೊಂಡಿರುತ್ತದೆ, ಎದ್ದ ಮಿದುಳು ಮಲಗಿದ ಮಿದುಳಿನಂತಿರುವುದಿಲ್ಲ. ಇದು ನನ್ನ ಒಡೆಯನೋ ಬೇರೆಯವನೋ ಎಂದು ಕಾರ್ಡಿಗೆ ಅನುಮಾನ. ಆ ಅನುಮಾನ ಕಳೆಯಲು ಒಬ್ಬ ಸಾಕ್ಷಿ ಬೇಕು. ಗುರುತಿನವರು ಯಾರಾದರೂ ಎದುರಿಗೆ ಮಾತನಾಡಿದರೆ ಕೇಳುವವನ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆಯಲ್ಲ, ಆ ಅಲೆಯನ್ನು ಗುರುತಿಸಿ ಕಾರ್ಡು ತೆರೆದುಕೊಳ್ಳುತ್ತದೆ. ಮತ್ತೆ ನಿದ್ದೆ ಹತ್ತುವವರೆಗೆ ಮುಚ್ಚುವುದಿಲ್ಲ. ಮೊದಮೊದಲು ಕೆಲವರು ಸಾಕ್ಷಿಯ ದನಿಯನ್ನು ಮುದ್ರಿಸಿಕೊಂಡು, ಮುದುಕರನ್ನು ಎಬ್ಬಿಸಿ ಹೊಲಮನೆ ಬರೆಸಿಕೊಂಡರು. ಅಂದಿನಿಂದ ಒಂದೇ ಅಲೆ ಎರಡನೆಯ ಸಲ ಬಂದರೆ ಕಾರ್ಡು ಒಪ್ಪದಂತೆ ಮಾಡಿದ್ದರು. ಜೀವವಿರುವ ದನಿ ಯಾವತ್ತೂ ಒಂದೇ ತರ ಎರಡು ಸಲ ಬರುವುದಿಲ್ಲ.

"ಹೆಸರು ಹೇಳ್ರಿ" ಎಂದಳು ರೆಹಾನಾ.

"ಮುರಿಗೆಯ್ಯ ಹಿರೇಮಠ, ಲಕ್ಷ್ಮೇಶ್ವರ. ನಾ ಅವರ ಮನಿಯಾಕಿ, ದಾನಮ್ಮ."

ರೆಹಾನಾ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. "ನೀವು ಏನೂ ಮುಟ್ಟಬ್ಯಾಡ್ರಿ ಅವ್ವಾರ. ನಾನಾ ಬರ್ತೀನಿ" ಎಂದಳು.

*

ಲಕ್ಷ್ಮೇಶ್ವರದ ಮಠದ ಓಣಿಯ ಆ ಮನೆಗೆ ಅವಳು ಎರಡು ವರ್ಷದ ಹಿಂದೊಮ್ಮೆ ಬಂದಿದ್ದಳು. ಸುತ್ತಲಿನ ಹತ್ತು ಊರಿನ ಮಠಗಳಲ್ಲಿ ಶ್ರಾವಣದ ತಿಂಗಳಿಡೀ ಪುರಾಣ ನಡೆದರೆ ಈ ಗಂಡಹೆಂಡತಿಯೇ ಬೇಕು. ದಾನಮ್ಮ ಪದ್ಯ ಓದುವಳು, ಎಂದರೆ ರಾಗ ಹಚ್ಚಿ ಹಾಡುವಳು. ಮುರಿಗೆಯ್ಯ ಅರ್ಥ ಹೇಳುವನು. ಮೂವತ್ತೊಂದು ಶ್ರಾವಣ ಹೀಗೇ ಕಳೆದಿದ್ದವು. ಅವಳು ಎಲ್ಲಿ ಉಸಿರು ಬಿಡುತ್ತಾಳೋ ಅಲ್ಲಿಂದ ಅವನು ಮಾತು ಎತ್ತಿಕೊಳ್ಳುತ್ತಿದ್ದ. ಮಕ್ಕಳಿರಲಿಲ್ಲ.

ಪಡಸಾಲೆಯಲ್ಲಿ ಮುರಿಗೆಯ್ಯ ಕಂಬಕ್ಕೆ ಒರಗಿ ಕುಳಿತಿದ್ದ. ತಲೆಯನ್ನು ಎಡಕ್ಕೆ ವಾಲಿಸಿ ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದ. ರೆಹಾನಾ ಎದುರಿಗೆ ಬಂದರೆ ಅವಳನ್ನೂ ನೋಡಿ ನಕ್ಕ, ಗೋಡೆಯ ಮೇಲಿನ ಹಲ್ಲಿಯನ್ನು ನೋಡಿಯೂ ಅಷ್ಟೇ ನಕ್ಕ.

"ಹದಿನೈದು ದಿನದಿಂದ ಹಿಂಗ" ಎಂದಳು ದಾನಮ್ಮ. "ಮೊದಲು ಒಂದು ಸಲ ಅಂದ್ರ ಸಾಕು, ಏಳ್ತಿದ್ರು. ಆಮ್ಯಾಲ ಎರಡು ಸಲ ಅನ್ನಬೇಕಾತು. ನಿನ್ನಿ ಐದು ಸಲ. ಇವತ್ತ ನನ್ನ ಗಂಟಲಾ ಹರದು ಹೋತು."

ರೆಹಾನಾ ಚೀಲ ಬಿಚ್ಚಿದಳು. ಕಾರ್ಡು ತೆಗೆದು, ಅದರ ಬಂಗಾರದ ಹಲ್ಲುಗಳನ್ನು ಒರೆಸಿ, ಮನಸ್ಸಿನಲ್ಲೇ ಎಣಿಸುತ್ತ ಮತ್ತೆ ಕೂಡಿಸಿದಳು. ಗೂಡಿನ ಕಸ ಊದಿದಳು. ವಿದ್ಯುತ್ತು ಸರಿಯಾಗಿತ್ತು. ಕಾರ್ಡು ಎದ್ದಿತ್ತು, ಒಳಗಿನ ನೆನಪೂ ಇದ್ದಷ್ಟು ಇತ್ತು. ಪರೀಕ್ಷಕದ ಪರದೆಯ ಮೇಲೆ ಒಂದೇ ಸಾಲು: ಸಾಕ್ಷಿ ಬಂದಿಲ್ಲ.

"ಈಗೊಮ್ಮೆ ಅನ್ರಿ" ಎಂದಳು.

ದಾನಮ್ಮ ಅಡಿಗೆಮನೆಯ ಹೊಸ್ತಿಲ ಮೇಲೆ ಹೋಗಿ ನಿಂತಳು. ನಿತ್ಯ ಅಲ್ಲಿಂದಲೇ. ಅವಳ ತಂದೆ ಕಟ್ಟಿದ ಪದ್ಯ ಅದು. ಆ ಮನೆತನದಲ್ಲಿ ಬೆಳಿಗ್ಗೆ ಆ ಪದ್ಯ ಬಾಯಿಂದ ಬಂದ ಮೇಲೆಯೇ ಮಿಕ್ಕ ಮಾತು.

ಏಳು ಗುರುವೇ ಬೆಳಕು ಬಂದಿದೆ
ಕೇಳು ಕೊಳದಲಿ ಹಕ್ಕಿ ಕರೆದಿದೆ
ಬಾಳಿನೊಳಗಿನ ಬಾಗಿಲೆಲ್ಲವ ತೆರೆದು ಮೆಲ್ಲಗೆ ಬಾ

ಎರಡನೆಯ ಸಾಲಿಗೆ ದನಿ ಒಡೆಯಿತು. ಹರಿದ ಬಟ್ಟೆಯ ಎಳೆ ಎಳೆದ ಹಾಗೆ. ದಾನಮ್ಮ ನಿಂತು, ನೀರು ಕುಡಿದು, ಮತ್ತೆ ಎತ್ತಿಕೊಂಡಳು. ಮೂರನೆಯ ಸಲಕ್ಕೆ ಮುರಿಗೆಯ್ಯನ ಕಣ್ಣಿನೊಳಗೆ ಯಾರೋ ಬಂದು ಕುಳಿತರು.

"ಯಾಕ, ಇಷ್ಟು ಹೊತ್ತು ಮಾಡಿದಿ?" ಎಂದ ಹೆಂಡತಿಗೆ. ರೆಹಾನಾಳನ್ನು ನೋಡಿ, "ಓಹೋ, ರಿಪೇರಿ ಸಾಹೇಬ್ರು ಬಂದಾರ. ನನಗೇನಾಗೇತವಾ ತಂಗಿ, ಗಾಲಿ ಪಂಚರೋ, ಎಂಜಿನ್ನೇ ಹೋತೋ?"

ರೆಹಾನಾಳಿಗೆ ನಗಲಾಗಲಿಲ್ಲ. ಕೆಟ್ಟದ್ದು ಗಾಲಿಯೂ ಅಲ್ಲ, ಎಂಜಿನ್ನೂ ಅಲ್ಲ.

"ಅವ್ವಾರ, ನಿಮ್ಮ ಗಂಟಲು ಎಷ್ಟು ದಿನದಿಂದ ಹಿಂಗೈತ್ರಿ?"

"ಯುಗಾದಿಯಿಂದ. ಶೀತ ಅಂತ ಕಷಾಯ ಕುಡಿಯಾಕತ್ತೀನಿ."

"ಡಾಕ್ಟರಿಗೆ ತೋರಸ್ರಿ. ನಾಳೇನಾ ತೋರಸ್ರಿ."

*

ಹುಬ್ಬಳ್ಳಿಯ ಗಂಟಲಿನ ಡಾಕ್ಟರು ಚಿತ್ರ ಬಿಡಿಸಿ ತೋರಿಸಿದರು. ದನಿಪೆಟ್ಟಿಗೆಯ ಮೇಲೆ ಗಡ್ಡೆ, ಅದೂ ಕೆಟ್ಟ ಜಾತಿಯದು. ಪೆಟ್ಟಿಗೆಯನ್ನೇ ತೆಗೆದರೆ ಬದುಕುತ್ತಾಳೆ. ಕುತ್ತಿಗೆಯಲ್ಲಿ ಒಂದು ರಂಧ್ರವಿರುತ್ತದೆ, ಉಸಿರು ಅಲ್ಲಿಂದ. ಮಾತು, ಹಾಡು ಮುಗಿದಂತೆ. ತೆಗೆಯದಿದ್ದರೆ ದೀಪಾವಳಿ ದಾಟುವುದು ಕಷ್ಟ.

ಸುದ್ದಿ ಕೇಳಿದ ದಿನ ರೆಹಾನಾ ಮೇಲಧಿಕಾರಿ ಕುಲಕರ್ಣಿಯ ಮುಂದೆ ಹೋಗಿ ನಿಂತಳು.

"ಮತ್ತೊಬ್ಬರ ದನಿ ಸೇರಿಸಲಿಕ್ಕೆ ಬರೂದಿಲ್ಲೇನ್ರೀ ಸರ್?"

"ಮೊದಲ ಸಲ ಎಚ್ಚರಾದ ಹನ್ನೊಂದು ನಿಮಿಷದಾಗ ಬರ್ತಿತ್ತು. ಆಮೇಲೆ ಅದು ಕಲ್ಲಾಗ್ತದ. ನಿನಗ ಗೊತ್ತಿಲ್ಲೇನು? ನಾಲ್ಕು ಸಾಕ್ಷಿ ಹಾಕಬೇಕು ಅನ್ನೋ ನಿಯಮ ಯಾಕ ಅದ ಮತ್ತ? ಒಬ್ಬರು ಸತ್ತರ ಇನ್ನೊಬ್ಬರು ಇರಲಿ ಅಂತ. ಇಲ್ಲಿ ಹೆಂಗ ಒಂದಾ ಅದ?" ಕುಲಕರ್ಣಿ ಕಡತ ತೆರೆದ. "ದಾಖಲು ಮಾಡಿದವರು ಯಾರು?"

"ನಾನಾ."

ಅಂದು ಆಸ್ಪತ್ರೆಯ ಕೋಣೆಯಲ್ಲಿ ನಾಲ್ವರು ಸಾಲಾಗಿ ನಿಂತಿದ್ದರು. ದಾನಮ್ಮ, ಮುರಿಗೆಯ್ಯನ ತಮ್ಮ, ತಮ್ಮನ ಹೆಂಡತಿ, ಮಠದ ಅಡಿಗೆಯ ಈರಯ್ಯ. ಒಬ್ಬೊಬ್ಬರು ಒಂದೊಂದು ಸಾದಾ ವಾಕ್ಯ ಹೇಳಬೇಕು. ಈರಯ್ಯ ತನ್ನ ವಾಕ್ಯವನ್ನು ಬೆರಳು ಮಡಚಿ ಬಾಯಿಪಾಠ ಮಾಡುತ್ತಿದ್ದ. ಮುರಿಗೆಯ್ಯ ಕಣ್ಣು ತೆರೆದ. ಬೆಳಗಿನ ಹೊತ್ತು, ಗಂಡ ಆಗಷ್ಟೇ ಎದ್ದಿದ್ದಾನೆ. ದಾನಮ್ಮ ವಾಕ್ಯ ಹೇಳಲಿಲ್ಲ. ಪದ್ಯಕ್ಕಿಂತ ಮೊದಲು ಮಾತು ಅವಳ ಬಾಯಿಗೆ ಬರುವಂತಿರಲಿಲ್ಲ. ಹಾಡಿದಳು.

ಪರದೆಯ ಮೇಲೆ ಹಸಿರು ಪಟ್ಟಿ ಬೆಳೆಯತೊಡಗಿತು. ಮಾತಿನ ಅಲೆ ಗಿಡ್ಡ, ಹಾಡಿನ ಅಲೆ ಉದ್ದ. ಮೊದಲನೆಯ ಸಾಕ್ಷಿಯ ಜಾಗ ತುಂಬಿತು, ಎರಡನೆಯವರದು ತುಂಬಿತು, ಮೂರನೆಯವರದು. ಆಗ ತಡೆಯಬೇಕಿತ್ತು. ತಡೆಯುವ ಗುಂಡಿ ರೆಹಾನಾಳ ಬೆರಳಿನ ಕೆಳಗೇ ಇತ್ತು. ಆದರೆ ಅವಳು ಮೊಹರಮ್ಮಿನಲ್ಲಿ ಅಜ್ಜನ ರಿವಾಯತು ಪದ ಕೇಳುತ್ತ ಅವನ ತೊಡೆಯ ಮೇಲೆ ಬೆಳೆದವಳು. ಹಾಡುವವರನ್ನು ನಡುವೆ ತಡೆದರೆ ಅಜ್ಜ ಕಣ್ಣಲ್ಲೇ ಸುಡುತ್ತಿದ್ದ. ಪದ ಮುಗಿಯುವವರೆಗೆ ತುಟಿ ಎರಡು ಮಾಡಬಾರದು. ಅವಳು ಕೈ ಕಟ್ಟಿ ಕೇಳಿದಳು. ಪದ್ಯ ಮುಗಿದಾಗ ನಾಲ್ಕು ಜಾಗವೂ ತುಂಬಿದ್ದವು. ಅಳಿಸಿ ಮತ್ತೆ ಹಾಕಲು ಇನ್ನೂ ಏಳು ನಿಮಿಷವಿತ್ತು. ಹೀಗೇ ಉಳಿಸುವುದು ಖಚಿತವೇ ಎಂದು ಪರದೆ ಕೇಳಿತು. ಅಳಿಸಲು ಮನಸ್ಸು ಬರಲಿಲ್ಲ, ಹೌದು ಎಂದು ಒತ್ತಿಬಿಟ್ಟಳು.

ಕುಲಕರ್ಣಿ ಕಡತ ಮುಚ್ಚಿದ. "ಖಾಲಿ ಕಾರ್ಡು ಕೂಡಿಸು. ಮಾತು ಕಲೀತಾನ, ಊಟ ಉಡುಗಿ ಕಲೀತಾನ. ಹಿಂದಿನದು ಹೋಗ್ತದ, ಹೋಗಲಿ. ಬಳಸುವವರ ತಪ್ಪು ಅಂತ ಬರದು ಕಳಿಸ್ತೀನಿ, ನಿನ್ನ ಕೆಲಸ ಉಳೀತದ."

"ಒಂದು ವಾರ ಕೊಡ್ರಿ ಸರ್."

ಆ ವಾರ ಅವಳು ಪ್ರಯೋಗಶಾಲೆ ಬಿಟ್ಟು ಕದಲಲಿಲ್ಲ. ದಾನಮ್ಮನ ಹಳೆಯ ಶ್ರಾವಣಗಳ ಧ್ವನಿಮುದ್ರಣಗಳನ್ನೆಲ್ಲ ಯಂತ್ರಕ್ಕೆ ಉಣಿಸಿ, ಅವಳಂತೆಯೇ ಹಾಡುವ ದನಿಯೊಂದನ್ನು ಮಾಡಿದಳು. ದಿನಕ್ಕೊಂದು ತರ ಉಸಿರು, ದಿನಕ್ಕೊಂದು ಕೊಂಕು. ಪರೀಕ್ಷೆಯ ಮೇಜಿನ ಮೇಲೆ ಯಾವ ಕಾರ್ಡೂ ಅದನ್ನು ಸುಳ್ಳೆನ್ನಲಿಲ್ಲ. ಲಕ್ಷ್ಮೇಶ್ವರಕ್ಕೆ ಒಯ್ದು, ಬೆಳಿಗ್ಗೆ ಅಡಿಗೆಮನೆಯ ಹೊಸ್ತಿಲಲ್ಲಿ ಇಟ್ಟು ಹಾಡಿಸಿದಳು.

ಮುರಿಗೆಯ್ಯ ತಲೆ ವಾಲಿಸಿದ. ಕೇಳಿದ. ಅರ್ಧ ಸಾಲಿಗೆ ತಲೆ ನೆಟ್ಟಗಾಯಿತು, ಹಲ್ಲಿಯ ಕಡೆ ನೋಡತೊಡಗಿದ.

ಕಾರ್ಡಿಗೆ ಮೋಸ ಮಾಡಬಹುದಿತ್ತು. ಆ ಕಿವಿಗೆ ಆಗಲಿಲ್ಲ. ಹೆಸರು, ಊರು, ಮಾತು ಎಲ್ಲ ಹೋದ ಮೇಲೂ ಮೂವತ್ತೊಂದು ಶ್ರಾವಣ ಕೇಳಿದ ಕಿವಿ ಮಾತ್ರ ಅಲ್ಲೇ ಇತ್ತು, ಕಾರ್ಡಿನಲ್ಲಲ್ಲ, ಮಾಂಸದಲ್ಲಿ. ಅದು ಒಪ್ಪದಿದ್ದರೆ ಅಲೆ ಏಳುವುದಿಲ್ಲ.

ದಾನಮ್ಮ ನಾಲ್ಕು ಸಲ ಹಾಡಿ ಗಂಡನನ್ನು ಎಬ್ಬಿಸಿದಳು. ನಾಲ್ಕನೆಯ ಸಲ ಕರವಸ್ತ್ರಕ್ಕೆ ರಕ್ತ ಬಂತು.

ಆಗ ರೆಹಾನಾ ಇಬ್ಬರ ಮುಂದೆಯೂ ಕುಳಿತು ಎಲ್ಲ ಹೇಳಿದಳು. ಪಟ್ಟಿ ತುಂಬಿದ್ದು, ಗುಂಡಿ, ಏಳು ನಿಮಿಷ.

"ತುಂಬೂದು ನಿನಗ ಕಂಡಿತ್ತು?" ಎಂದಳು ದಾನಮ್ಮ.

"ಕಂಡಿತ್ರೀ."

"ಆದ್ರೂ ಸುಮ್ಮನ ಕುಂತಿ."

"ಹೌದ್ರೀ."

ದಾನಮ್ಮ ರಕ್ತ ಹತ್ತಿದ ಕರವಸ್ತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೇಳಿದಳು, "ಚಲೋ ಹಾಡಿದ್ನೇನು ಅವತ್ತ?"

ರೆಹಾನಾ ತಲೆ ತಗ್ಗಿಸಿ ಅತ್ತಳು. ಬೈದಿದ್ದರೆ ಅಳು ಬರುತ್ತಿರಲಿಲ್ಲ.

*

"ನಾ ಕೊಯ್ಸಿಕೊಳ್ಳಂಗಿಲ್ಲ" ಎಂದಳು ದಾನಮ್ಮ. "ದೀಪಾವಳಿ ತನಕ ಹಾಡ್ತೀನಿ. ದಿನಾ ನಿಮ್ಮನ್ನ ಎಬ್ಬಸ್ತೀನಿ. ಆಮ್ಯಾಲ ಕೂಡೇ ಮಲಗೂಣು."

"ಶಾಣ್ಯಾಕಿ" ಎಂದ ಮುರಿಗೆಯ್ಯ. "ನೀ ಮಲಗಿದ ಮರುದಿನ ನಾ ಏಳ್ತೀನಲ್ಲ, ಹಲ್ಲಿಗೆ ನಕ್ಕೋತ. ಯಾರು ಸತ್ತಾರಂತಲೂ ಗೊತ್ತಿರಂಗಿಲ್ಲ. ನಿನ್ನ ಮಣ್ಣಿಗೆ ಬಂದು ಅಲ್ಲೂ ನಗಲೇನು? ಮಂದಿ ಏನಂದಾರು, ಪುರಾಣದ ಅಯ್ಯ ಹೊಸಾ ಲಗ್ನಕ್ಕ ಹೊಂಟಾನ ಅಂದಾರು."

"ಚಾಷ್ಟಿ ಮಾಡಬ್ಯಾಡ್ರಿ."

"ಚಾಷ್ಟಿ ಅಲ್ಲ. ಕೇಳಿಲ್ಲೆ. ನೀ ಒಪ್ಪಲಿಲ್ಲಂದ್ರ ಈಗಲೇ ಈ ಕಾರ್ಡು ಕಿತ್ತು ಹಿತ್ತಲದ ಬಾವಿಗೆ ಒಗೀತೀನಿ. ಅರವತ್ತು ಎಣಿಸೂದರಾಗ ಎಲ್ಲಾ ಆರಿಹೋಗತೈತಿ. ನಿನ್ನ ಗಂಟಲಕ್ಕ ಆಮ್ಯಾಲ ಏನು ಕೆಲಸ ಉಳೀತು? ಕೊಯ್ಸಿಕೊಂಡು ಬದುಕು."

ಅವನ ಕೈ ಕಿವಿಯ ಹಿಂದೆ ಹೋಗಿತ್ತು. ಬೆರಳು ಗೂಡಿನ ಮುಚ್ಚಳದ ಮೇಲಿತ್ತು. ದಾನಮ್ಮ ಆ ಬೆರಳನ್ನೇ ನೋಡುತ್ತ, "ಆತು" ಎಂದಳು.

ರೆಹಾನಾ ಖಾಲಿ ಕಾರ್ಡಿನ ಮಾತು ಎತ್ತಿದಳು. ಹಳೆಯದನ್ನು ತೆಗೆದು ಹೊಸದು ಹಾಕಿದರೆ ಕನಿಷ್ಠ ಮಾತು ಬಂದೀತು.

"ಈಗ ಬ್ಯಾಡ" ಎಂದ ಮುರಿಗೆಯ್ಯ. "ನಾನಿರೂತನಕ ನಾನಿರ್ತೀನಿ. ಕಾರ್ಡು ಮಲಗೂದು ನಾ ಮಲಗಿದಾಗ ಹೌದಲ್ಲೋ? ನಾ ಮಲಗೂದಾ ಇಲ್ಲ ಬಿಡು."

*

ಶಸ್ತ್ರಕ್ರಿಯೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು ದಾನಮ್ಮ ಕಡೆಯ ಸಲ ಹಾಡಿದಳು. ಒಂಬತ್ತು ಸಲ ಹಾಡಬೇಕಾಯಿತು. ಒಂಬತ್ತನೆಯದರಲ್ಲಿ ರಾಗವಿರಲಿಲ್ಲ, ಬರೀ ಉಸಿರು, ಅದರ ನಡುವೆ ಎಲ್ಲೋ ಒಂದೆಳೆ ಸ್ವರ. ಮುರಿಗೆಯ್ಯ ಎದ್ದ. ಅವಳನ್ನು ಒಳಗೆ ಒಯ್ದರು.

ಅಂದಿನಿಂದ ಅವನು ಕುಳಿತಲ್ಲಿ ಕೂರಲಿಲ್ಲ. ಮೊದಲ ದಿನ ಕಾರಿಡಾರಿನಲ್ಲಿ ಅಡ್ಡಾಡಿದ. ಎರಡನೆಯ ದಿನ ಅವಳಿಗೆ ಎಚ್ಚರವಾಯಿತು. ಕುತ್ತಿಗೆಗೆ ನಳಿಗೆ, ಬಾಯಿ ಮುಚ್ಚಿಯೇ ಇತ್ತು. ಅವನು ಹಾಸಿಗೆಯ ಪಕ್ಕ ನಿಂತು, ತನಗೆ ಬಾರದ ರಾಗದಲ್ಲಿ ಪದ್ಯದ ಒಂದೊಂದು ಸಾಲು ತಾನೇ ಅಂದು, ತಾನೇ ಅರ್ಥ ಹೇಳತೊಡಗಿದ. ಬಾಗಿಲೆಂದರೆ ಯಾವುದು, ಮೆಲ್ಲಗೆ ಯಾಕೆ ಬರಬೇಕು, ಗಡಬಡಿಸಿ ಬಂದವನಿಗೆ ಕಾಣದ್ದು ಮೆಲ್ಲಗೆ ಬಂದವನಿಗೆ ಏನು ಕಾಣುತ್ತದೆ. ಅಕ್ಕಪಕ್ಕದ ಹಾಸಿಗೆಯವರೂ ಕಿವಿಗೊಟ್ಟರು. ಕಸ ಹೊಡೆಯುವ ಫಕೀರವ್ವ ಕಸಬರಿಗೆ ಹಿಡಿದೇ ನಿಂತಳು.

"ಅಜ್ಜಾರ, ನಿಮ್ಮ ರಾಗ ಕೇಳಿ ಆ ಮೂಲ್ಯಾನ ರೋಗಿ ಡಿಸ್ಚಾರ್ಜ್ ಕೇಳಾಕತ್ತಾನ ನೋಡ್ರಿ" ಎಂದಳು.

"ನನ್ನ ರಾಗಕ್ಕ ಅಂಥಾ ಗುಣ ಐತಿ ಅಂತ ಡಾಕ್ಟರಿಗೆ ಹೇಳಬ್ಯಾಡವಾ, ಪಗಾರಕ್ಕ ಇಟಗೊಂಡಾರು."

ದಾನಮ್ಮ ನಕ್ಕಳು. ನಳಿಗೆಯಿಂದ ಗಾಳಿ ಸುಯ್ಯೆಂದಿತು.

ಮೂರನೆಯ ದಿನ ಅವನ ಮಾತು ತೊದಲತೊಡಗಿತು. ಕಣ್ಣಿಗೆ ತಣ್ಣೀರು ಹಚ್ಚಿಕೊಂಡ, ಹಸಿಮೆಣಸಿನಕಾಯಿ ಕಚ್ಚಿದ. ಅರ್ಥ ಹೇಳುವ ಸಾಲು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ರೆಹಾನಾ ಬಂದಾಗ ಅವನು ಮೊದಲ ಸಲ ಸ್ಟೂಲಿನ ಮೇಲೆ ಕುಳಿತಿದ್ದ. ಹೆಂಡತಿಯ ಕೈ ಹಿಡಿದು ಅವಳ ಮುಖವನ್ನು ಓದುವವನಂತೆ ನೋಡುತ್ತಿದ್ದ.

"ದಾನವ್ವಾ" ಎಂದ. "ಮೆಲ್ಲಗೆ ಬಾ ಅಂದ್ರ..."

ಅಷ್ಟಕ್ಕೇ ಗಲ್ಲ ಎದೆಗೆ ಬಿತ್ತು.

ರೆಹಾನಾ ಓಡಿಬಂದು ಅವನ ಹೆಗಲಿಗೆ ಕೈ ಹಾಕಿದಳು. ಇನ್ನೂ ಹೊತ್ತಿತ್ತು. ಕಾರ್ಡು ಮಲಗಲು ಎರಡು ನಿಮಿಷ ಬೇಕು, ಅಲುಗಿಸಿದರೆ ಉಳಿಯುತ್ತಿತ್ತು. ದಾನಮ್ಮನ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು. ರೋಗಿಯ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ದಾನಮ್ಮ ತಲೆಯಾಡಿಸಿದಳು. ನಾಲ್ಕು ದಿನವಾಗಿತ್ತು. ಅವನ ತುಟಿ ನೀಲಿಗಟ್ಟಿತ್ತು. ಮಲಗಲಿ ಎಂದು ಕೈಯಲ್ಲೇ ಹೇಳಿದಳು.

ಎರಡು ನಿಮಿಷಕ್ಕೆ ರೆಹಾನಾಳ ಪರೀಕ್ಷಕ ಸಣ್ಣಗೆ ಸದ್ದು ಮಾಡಿತು.

ಸಂಜೆ ಐದಕ್ಕೆ ಅವನು ಎದ್ದ. ಸುತ್ತ ನೋಡಿದ, ಎಲ್ಲರಿಗೂ ನಕ್ಕ. ದಾನಮ್ಮ ಬಾಯಿ ತೆರೆದಳು. ತುಟಿಗಳು ಮೊದಲ ಸಾಲಿನ ಆಕಾರಕ್ಕೆ ಬಂದವು, ಎರಡನೆಯ ಸಾಲಿಗೆ ಹೋದವು. ಕುತ್ತಿಗೆಯ ರಂಧ್ರದಿಂದ ಗಾಳಿ ಸುಯ್ಯೆಂದು ಬಂತು. ಆ ಸದ್ದಿಗೆ ಬೆಚ್ಚಿ ಅವನು ಸ್ಟೂಲು ಹಿಂದಕ್ಕೆ ಎಳೆದುಕೊಂಡ.

*

ಸಂಕ್ರಾಂತಿ ಕಳೆದ ಮೇಲೆ ರೆಹಾನಾ ಲಕ್ಷ್ಮೇಶ್ವರಕ್ಕೆ ಹೋದಳು. ಚೀಲದಲ್ಲಿ ಖಾಲಿ ಕಾರ್ಡಿತ್ತು. ಹಿಂದೆಯೂ ಎರಡು ಸಲ ತಂದಿದ್ದಳು, ಎರಡು ಸಲವೂ ಹಾಗೇ ಮರಳಿ ಒಯ್ದಿದ್ದಳು.

ಪರೀಕ್ಷಕ ಹಚ್ಚಿ ನೋಡಿದಳು. ಕಾರ್ಡು ಸುಸ್ಥಿತಿಯಲ್ಲಿದೆ. ನೆನಪು ಪೂರ್ಣ. ಸಾಕ್ಷಿ ಬಂದಿಲ್ಲ. ಮತ್ತೆ ಪ್ರಯತ್ನಿಸಿ.

"ಅವ್ವಾರ, ಇವತ್ತರ ಹಾಕಲೇನ್ರೀ? ಮಾತು ಬರ್ತಾವ. ಅವ್ವಾ ಅನ್ನೂದು ಕಲೀತಾರ, ನೀರು ಕೇಳೂದು ಕಲೀತಾರ."

ದಾನಮ್ಮ ಪಾಟಿ ತೆಗೆದು ಬರೆದಳು. ಅಕ್ಷರ ಗುಂಡಗೆ, ಪುರಾಣದ ಓದಿನ ವಹಿಯಲ್ಲಿ ಬರೆಯುವ ಹಾಗೆ. "ಹಳೇದರ ಒಳಗೆ ಅವರು ಪೂರಾ ಅದಾರೋ ಇಲ್ಲೋ?"

"ಅದಾರ್ರೀ."

"ನನ್ನ ಹಾಡು ಕೇಳಿದ್ದು?" ಎಂದು ಕೆಳಗೆ ಬರೆದಳು.

"ಎಲ್ಲಾ ಐತ್ರೀ. ಒಂದೂ ಹೋಗಿಲ್ಲ."

ದಾನಮ್ಮ ಪಾಟಿ ಒರೆಸಿದಳು. ಖಾಲಿ ಕಾರ್ಡನ್ನು ರೆಹಾನಾಳ ಚೀಲಕ್ಕೆ ತಾನೇ ಹಾಕಿ, ಚೀಲದ ಬಾಯಿ ಕಟ್ಟಿದಳು.

ಮುರಿಗೆಯ್ಯ ಆಗಷ್ಟೇ ಎದ್ದು ಪಡಸಾಲೆಯ ಕಂಬಕ್ಕೆ ಒರಗಿದ್ದ. ತಲೆಯನ್ನು ಎಡಕ್ಕೆ ವಾಲಿಸಿ ಅಡಿಗೆಮನೆಯ ಹೊಸ್ತಿಲ ಕಡೆ ಕಿವಿಗೊಟ್ಟಿದ್ದ. ದಿನವೂ ಎದ್ದ ಕೂಡಲೇ ಹೀಗೆ, ಬಿಸಿಲು ಮೇಲೆ ಬರುವವರೆಗೆ. ದಾನಮ್ಮ ಹೋಗಿ ಅವನ ಎದುರಿಗೆ ಕುಳಿತಳು. ಅವನ ಎರಡೂ ಕೈ ಹಿಡಿದುಕೊಂಡು, ಮುಖಕ್ಕೆ ಮುಖ ಕೊಟ್ಟು, ತುಟಿಯನ್ನು ಪದ್ಯದಂತೆ ಆಡಿಸತೊಡಗಿದಳು.

ಅವನು ಅವಳ ಹೆಗಲ ಮೇಲಿನಿಂದ ಇಣುಕಿದ. ಹೊಸ್ತಿಲು ಕಾಣಲಿಲ್ಲ. ಆ ಕಡೆ ವಾಲಿದ, ಈ ಕಡೆ ವಾಲಿದ. ಆಮೇಲೆ ಕೈ ಬಿಡಿಸಿಕೊಂಡು, ಪುರಾಣದ ಸಭೆಯಲ್ಲಿ ಅಡ್ಡ ಕುಳಿತವರನ್ನು ಸರಿಸುವ ಹಾಗೆ, ಬಹಳ ಮರ್ಯಾದೆಯಿಂದ, ಅವಳನ್ನು ಪಕ್ಕಕ್ಕೆ ಸರಿಸಿದ.